ಬಾಗಿದ ಬೆನ್ನು, ಬಿಗಿದ ಉಸಿರು

ಹೊಸೂರು, ಕೃಷ್ಣಗಿರಿ ಕಡೆಯ ನಾವು ರಾಗಿ ಹೊಲದ ಕಳೆ, ಟೊಮೇಟೊ ಸಾಲು, ಗುಲಾಬಿ ತೋಟ ಎಂದು ಬಗ್ಗಿಯೇ ದುಡಿಯುವವರು. ವಯಸ್ಸಾದಂತೆ ಕೆಲವರ ಮೇಲ್ಬೆನ್ನು ಗೂನಾಗುತ್ತದೆ. 12 ಜೊತೆ ಪಕ್ಕೆಲುಬುಗಳೂ ಬೆನ್ನುಮೂಳೆಗೆ ಕೂಡಿಕೊಂಡಿರುವುದರಿಂದ, ಬೆನ್ನು ಬಾಗಿ ಬಿಗಿದರೆ ಎದೆಗೂಡು ಪೂರ್ತಿ ಅರಳದು. ಉಸಿರು ಮೇಲೆಮೇಲೆಯೇ ಆಡುತ್ತದೆ. ಫಿಜಿಯೋಥೆರಪಿ ಕಲಿತವರು ಕೈಯಿಂದಲೇ ಹದವಾಗಿ ಒತ್ತಿ, ಪಕ್ಕೆಲುಬಿನ ಕೀಲುಗಳನ್ನೂ ಎದೆಯ ಸ್ನಾಯುಗಳನ್ನೂ ಸಡಿಲಿಸುತ್ತಾರೆ. ಗೂನು ಮಾಯವಾಗದು, ಉಸಿರಾಟ ಸ್ವಲ್ಪ ಹಗುರಾಗಬಹುದು. ಅದೂ ಅವರು ಹೇಳಿಕೊಟ್ಟ ವ್ಯಾಯಾಮವನ್ನು ದಿನವೂ ಮಾಡಿದರೆ.

ಮೊಮ್ಮಕ್ಕಳಿಂದ ಬೆನ್ನು ತುಳಿಸಿಕೊಳ್ಳುವ ರೂಢಿ ನಮ್ಮ ಮನೆಗಳಲ್ಲುಂಟು. ಮುಟ್ಟು ನಿಂತ ತಾಯಂದಿರಲ್ಲಿ ಮೂಳೆ ಸವೆದಿದ್ದರೆ, ಹಾಗೆ ತುಳಿದಾಗ ಮುರಿದೀತು! ಎತ್ತರ ಕುಗ್ಗಿದ್ದರೆ, ಬೆನ್ನಲ್ಲಿ ತಟ್ಟನೆ ನೋವೆದ್ದಿದ್ದರೆ, ಮೊದಲು ಎಕ್ಸ್‌ರೇ ತೆಗೆಸಿರಿ. ಕೂತಲ್ಲೇ ಏದುಸಿರು ಬಂದರೆ ಬೆನ್ನು ಉಜ್ಜುವವರಲ್ಲಿಗಲ್ಲ, ನೇರವಾಗಿ ಡಾಕ್ಟರಲ್ಲಿಗೆ ಹೋಗಿರಿ.