ಹಳೆಯ ವೇಗದ ವಾಹನವನ್ನು ಕೊಳ್ಳುವಾಗ

ಬಯಲುಸೀಮೆಯ ಗೃಹಸ್ಥನಿಗೆ ಎತ್ತು ಕೊಳ್ಳುವ ವಿದ್ಯೆಯನ್ನು ಯಾರೂ ಕಲಿಸಬೇಕಾಗಿಲ್ಲ. ಚಳ್ಳಕೆರೆಯ ಸುತ್ತಿನ ಕಾವಲುಗಳು ಅಮೃತಮಹಲ್ ತಳಿಯ ದನಗಳಿಗೆ ಹೆಸರಾದವು. ಹೈದರಾಲಿ, ಟಿಪ್ಪು ಸುಲ್ತಾನರ ಸೈನ್ಯದ ಫಿರಂಗಿಗಳನ್ನೂ ಸಾಮಾನು ಸರಂಜಾಮುಗಳನ್ನೂ ಎಳೆದು, ನಡಿಗೆಯ ವೇಗಕ್ಕೆ ಕೀರ್ತಿಗೊಂಡ ತಳಿಯದು. ಅಂಥ ಎತ್ತನ್ನು ಕೊಳ್ಳುವವನು ಮೈಬಣ್ಣಕ್ಕೆ ಮರುಳಾಗುವುದಿಲ್ಲ. ಬಾಯಿ ತೆರೆಸಿ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ಹೆಗಲನ್ನು ತಡವುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ಕಾಲಿನ ಊನವನ್ನು ಪರೀಕ್ಷಿಸುತ್ತಾನೆ. ಆದರೆ ಅದೇ ಗೃಹಸ್ಥನು, ಇಲ್ಲವೆ ಅವನ ಮಗನು, ಹಳೆಯ ಮೋಟಾರು ಸೈಕಲ್ಲೊಂದನ್ನು ಕೊಳ್ಳಹೋದಾಗ ಈ ವಿವೇಕವೆಲ್ಲವನ್ನೂ ಮನೆಯಲ್ಲಿಯೇ ಬಿಟ್ಟು ಹೋಗುವುದುಂಟು. ಹೊಸ ಬಣ್ಣವನ್ನು ಕಂಡು, ಇಂಜಿನ್ನಿನ ಗುಡುಗನ್ನು ಕೇಳಿ, ಆ ಕ್ಷಣದಲ್ಲಿಯೇ ಮುಂಗಡ ಕೊಟ್ಟು ಬರುತ್ತಾನೆ. ಈ ವಿಷಯವನ್ನು ಕುರಿತು ಕೆಲವು ಮಾತುಗಳನ್ನು ವಾಚಕ ಮಹಾಶಯರ ಮುಂದಿಡಲು ಅಪೇಕ್ಷಿಸುತ್ತೇವೆ.

ನೀರಿನ ನಾಡಿನವರು ವೇಗದ ದೋಣಿಗೆ ಆಸೆಪಡಬಹುದು. ಚಳ್ಳಕೆರೆ ಮೊಳಕಾಲ್ಮೂರುಗಳ ಸೀಮೆಯಲ್ಲಿ ಅದಕ್ಕೆ ಅವಕಾಶವೆಲ್ಲಿ? ವೇದಾವತಿಯು ವರ್ಷದ ಬಹುಭಾಗ ಮರಳಾಗಿಯೇ ಕಾಣುವ ನದಿ. ಹಿರಿಯೂರಿನ ಬಳಿ ಆ ನದಿಗೆ ಅಡ್ಡಲಾಗಿ ಕಟ್ಟಿದ ವಾಣೀವಿಲಾಸ ಸಾಗರವು 1907ರಲ್ಲಿ ಮುಗಿದು, 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೊಮ್ಮೆ ಕೋಡಿ ಹರಿದದ್ದು 2022ರಲ್ಲಿ. ಆದಕಾರಣ ಈ ಭಾಗದ ತರುಣರ ವೇಗದ ಹಂಬಲವೆಲ್ಲ ನೆಲದ ಮೇಲಿನದು. ನೇರವಾದ ರಸ್ತೆ, ಬಯಲು, ಬಿಸಿಲು. ಅದರ ಮೇಲೆ ಒಂದು ಹಳೆಯ ಜಾವಾ ಅಥವಾ ಯೆಜ್ಡಿ. ಇದೇ ಇಂದಿಗೂ ಅನೇಕ ಮನೆಗಳ ಮಕ್ಕಳ ಕನಸು.

ಈ ವಾಹನಗಳು ನಮ್ಮ ನಾಡಿನವೇ ಆಗಿರುವುದರಿಂದ ಅವುಗಳ ಮೇಲಿನ ಅಭಿಮಾನವು ಸಹಜವಾದುದು. ಚೆಕೊಸ್ಲೊವಾಕಿಯದ ಜಾವಾ ಸಂಸ್ಥೆಯ ಪರವಾನಗಿಯನ್ನು ಪಡೆದು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1961ರಲ್ಲಿ ಮೋಟಾರು ಸೈಕಲ್ಲುಗಳ ತಯಾರಿಕೆಯನ್ನು ಆರಂಭಿಸಿತು. 1973ರಿಂದ ಅವಕ್ಕೆ ಯೆಜ್ಡಿ ಎಂಬ ಹೆಸರು ಬಂದಿತು. 1978ರಲ್ಲಿ ಬಂದ ರೋಡ್‌ಕಿಂಗ್ ಎಂಬ ಮಾದರಿಯು 250 ಸಿ.ಸಿ. ವರ್ಗದ ಒಂದೇ ಸಿಲಿಂಡರಿನಿಂದ 16 ಅಶ್ವಶಕ್ತಿಯನ್ನು ಕೊಡುತ್ತಿದ್ದು, ಆ ಕಾಲಕ್ಕೆ ವೇಗದ ವಾಹನವೆಂದು ಗಣ್ಯವಾಗಿತ್ತು. ಕಾರ್ಖಾನೆಯು 1996ರಲ್ಲಿ ಮುಚ್ಚಿಹೋಯಿತು. 2018ರಿಂದ ಜಾವಾ ಎಂಬ ಹೆಸರಿನಲ್ಲಿಯೂ 2022ರಿಂದ ಯೆಜ್ಡಿ ಎಂಬ ಹೆಸರಿನಲ್ಲಿಯೂ ಹೊಸ ವಾಹನಗಳು ಬಂದಿರುವುದು ನಿಜ; ಆದರೆ ಅವು ಫೋರ್ ಸ್ಟ್ರೋಕ್ ಇಂಜಿನ್ನಿನವು, ನೀರಿನಿಂದ ತಂಪಾಗುವವು. ಅವುಗಳ ಇಂಜಿನ್ನಿನ ಭಾಗಗಳು ಹಳೆಯದಕ್ಕೆ ಕೂಡುವುದಿಲ್ಲ. ಎಂದರೆ, ಹಳೆಯ ಯೆಜ್ಡಿಯನ್ನು ಕೊಳ್ಳುವವನು ತಯಾರಕನಿಲ್ಲದ ಯಂತ್ರವನ್ನು ಕೊಳ್ಳುತ್ತಾನೆ. ಅದರ ಮುಂದಿನ ಆರೋಗ್ಯಕ್ಕೆ ಅವನೇ ಹೊಣೆ. ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮಿಕ್ಕ ಎಚ್ಚರಿಕೆಗಳು ತಾವಾಗಿಯೇ ಬರುತ್ತವೆ.

ಮೊದಲನೆಯದಾಗಿ, ಪರೀಕ್ಷೆಗೆ ಹೋಗುವಾಗ ಬೆಳಗಿನ ಹೊತ್ತು ಹೋಗಬೇಕು. ಇಂಜಿನ್ನನ್ನು ಮುಂಚಿತವಾಗಿ ಓಡಿಸಿರಕೂಡದೆಂದು ಮಾರುವವನಿಗೆ ಹೇಳಿ ಕಳುಹಿಸಬೇಕು. ಹೋದೊಡನೆ ಸಿಲಿಂಡರಿನ ಮೇಲೆ ಅಂಗೈಯಿಟ್ಟು ನೋಡತಕ್ಕದ್ದು. ಅದು ಬೆಚ್ಚಗಿದ್ದರೆ, ತಣ್ಣಗಿರುವಾಗ ಹೊತ್ತಿಕೊಳ್ಳದ ದೋಷವನ್ನು ಮರೆಮಾಡಿದ್ದಾರೆಯೇ ಎಂದು ಶಂಕಿಸಬೇಕು. ಜಾವಾ ಯೆಜ್ಡಿಗಳಲ್ಲಿ ಗೇರು ಹಾಕುವ ಸನ್ನೆಯೇ ಕಿಕ್ಕಿನ ಸನ್ನೆಯೂ ಆಗಿರುವುದೊಂದು ವಿಶೇಷ. ಅದನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕು. ಸ್ವಿಚ್ಚು ಹಾಕದೆ ಅದನ್ನು ಮೆಲ್ಲನೆ ತುಳಿದಾಗ ಕಾಲಿಗೆ ಗಟ್ಟಿಯಾದ ಪ್ರತಿರೋಧವು ತಿಳಿಯಬೇಕು. ಕಾಲು ಸಲೀಸಾಗಿ ಇಳಿದುಹೋದರೆ ಪಿಸ್ಟನ್ನು, ರಿಂಗು, ಸಿಲಿಂಡರುಗಳು ಸವೆದಿವೆಯೆಂದು ಊಹಿಸಬಹುದು. ಆಗ ಸಿಲಿಂಡರನ್ನು ಬೋರು ಮಾಡಿಸಿ ದೊಡ್ಡ ಅಳತೆಯ ಪಿಸ್ಟನ್ನನ್ನು ಹಾಕಿಸಬೇಕಾಗುತ್ತದೆ; ಆ ವೆಚ್ಚವನ್ನು ಬೆಲೆಯಲ್ಲಿ ಕಳೆಯಬೇಕು.

ಎರಡನೆಯದು ಹೊಗೆಯ ಪರೀಕ್ಷೆ. ಟೂ ಸ್ಟ್ರೋಕ್ ಇಂಜಿನ್ನಿನಲ್ಲಿ ಪೆಟ್ರೋಲಿನೊಡನೆಯೇ ಎಣ್ಣೆಯನ್ನು ಬೆರೆಸುವುದರಿಂದ ಮೊದಲು ತುಸು ಹೊಗೆ ಬರುವುದು ದೋಷವಲ್ಲ. ಆದರೆ ಹತ್ತು ನಿಮಿಷ ಓಡಿಸಿದ ಮೇಲೆಯೂ ಬಿಳಿಯ ಹೊಗೆಯು ದಟ್ಟವಾಗಿ ಬರುತ್ತಲೇ ಇದ್ದರೆ, ಕ್ರ್ಯಾಂಕಿನ ಒಂದು ಬದಿಯ ಆಯಿಲ್ ಸೀಲು ಹರಿದು ಗೇರುಪೆಟ್ಟಿಗೆಯ ಎಣ್ಣೆಯನ್ನು ಇಂಜಿನ್ನು ಹೀರುತ್ತಿರಬಹುದು. ಇನ್ನೊಂದು ಬದಿಯ ಸೀಲು ಹರಿದಿದ್ದರೆ ಹೊಗೆಯಿಲ್ಲ, ಆದರೆ ಅಪಾಯವು ಹೆಚ್ಚು. ಇಂಜಿನ್ನು ಅಲ್ಲಿಂದ ಹೊರಗಿನ ಗಾಳಿಯನ್ನು ಸೆಳೆಯುತ್ತದೆ. ಮಿಶ್ರಣದಲ್ಲಿ ಪೆಟ್ರೋಲೂ ಅದರೊಡನೆ ಎಣ್ಣೆಯೂ ಕಡಿಮೆಯಾಗುತ್ತದೆ. ಪಿಸ್ಟನ್ನು ಕಾದು ಸಿಲಿಂಡರಿಗೆ ಹಿಡಿದುಕೊಳ್ಳುತ್ತದೆ. ಪೂರ್ಣ ವೇಗದಲ್ಲಿರುವಾಗ ಹೀಗೆ ಹಿಡಿದರೆ ಹಿಂದಿನ ಗಾಲಿಯು ಅಲ್ಲಿಯೇ ನಿಂತು ಸವಾರನು ಉರುಳುವ ಸಂಭವವುಂಟು. ಕೈಹಿಡಿಯನ್ನು ಪೂರ್ತಿ ಬಿಟ್ಟರೂ ಇಂಜಿನ್ನಿನ ಓಟವು ಇಳಿಯದೆ ತಾನಾಗಿಯೇ ಏರುತ್ತಿರುವುದು ಈ ರೋಗದ ಒಂದು ಚಿಹ್ನೆ.

"ಇಂಜಿನ್ನನ್ನು ಒಂದು ಸಾರಿಯೂ ಬಿಚ್ಚಿಲ್ಲ, ಸ್ವಾಮಿ" ಎಂದು ಮಾರುವವರು ಹೆಮ್ಮೆಯಿಂದ ಹೇಳುವುದುಂಟು. ಕೊಳ್ಳುವವರು ಅದನ್ನು ಕೇಳಿ ಸಂತೋಷಪಡುತ್ತಾರೆ. ವಿಚಾರಮಾಡಿ ನೋಡಿದರೆ, ಮೂವತ್ತು ವರ್ಷಕ್ಕೆ ಮೀರಿದ ಯಂತ್ರದಲ್ಲಿ ಇದು ಗುಣವಲ್ಲ. ರಬ್ಬರಿನ ಸೀಲು ಓಡದೆ ನಿಂತರೂ ಗಟ್ಟಿಯಾಗಿ ಸೀಳುತ್ತದೆ. ಬಲ್ಲವನ ಕೈಯಲ್ಲಿ ಬಿಚ್ಚಿಸಿ, ಸೀಲು ಬೇರಿಂಗುಗಳನ್ನು ಹೊಸದು ಹಾಕಿಸಿ, ಅದರ ಚೀಟಿಯನ್ನು ಇಟ್ಟುಕೊಂಡಿರುವ ಮನುಷ್ಯನ ವಾಹನವೇ ಹೆಚ್ಚು ಬೆಲೆಗೆ ಯೋಗ್ಯವಾದುದು.

ಮೊಳಕಾಲ್ಮೂರಿನ ರೇಷ್ಮೆ ಸೀರೆಯನ್ನು ಕೊಳ್ಳುವ ಜಾಣೆಯು ಸೆರಗಿನ ಮುಖವನ್ನು ನೋಡಿ ತೃಪ್ತಳಾಗದೆ, ಮಗುಚಿ ಹಿಂಬದಿಯನ್ನು ನೋಡುತ್ತಾಳೆ. ನೇಯ್ಗೆಯ ಸತ್ಯವು ಅಲ್ಲಿ ತಿಳಿಯುತ್ತದೆ. ವಾಹನಕ್ಕೂ ಇದೇ ನ್ಯಾಯ. ಟ್ಯಾಂಕಿನ ಹೊರಬಣ್ಣವನ್ನು ನೋಡುವುದಕ್ಕೆ ಮುಂಚೆ ಮುಚ್ಚಳವನ್ನು ತೆಗೆದು ಬ್ಯಾಟರಿ ದೀಪದಿಂದ ಒಳಗೆ ತುಕ್ಕಿದೆಯೇ ಎಂದು ನೋಡಬೇಕು. ಚಾಸಿಯ ಕೊಳವೆಗಳಲ್ಲಿ ಬೆಸುಗೆಯ ಗುರುತುಗಳಿವೆಯೇ, ಹಿಂದೆ ನಿಂತು ನೋಡಿದರೆ ಎರಡು ಗಾಲಿಗಳೂ ಒಂದೇ ಗೆರೆಯಲ್ಲಿವೆಯೇ ಎಂಬುದನ್ನು ಗಮನಿಸಬೇಕು. ಬಣ್ಣ ಮಾಸಿದ್ದರೂ ನೆಟ್ಟಗಿರುವ ವಾಹನವು, ಹೊಳೆಯುತ್ತಿದ್ದರೂ ಸೊಟ್ಟಗಿರುವ ವಾಹನಕ್ಕಿಂತ ಸಾವಿರ ಪಾಲು ಮೇಲು.

ಈ ಸೀಮೆಯ ಹವೆಗೆ ಸಂಬಂಧಪಟ್ಟ ಒಂದು ವಿಚಾರವೂ ಉಂಟು. ಇಲ್ಲಿಯ ಒಣಹವೆಯಲ್ಲಿ ಕಬ್ಬಿಣಕ್ಕೆ ತುಕ್ಕು ಕಡಿಮೆ. ಕರಾವಳಿಯಿಂದ ಬಂದ ವಾಹನಕ್ಕಿಂತ ಇಲ್ಲಿಯೇ ಬಾಳಿದ ವಾಹನದ ಚಾಸಿಯು ಗಟ್ಟಿಯಾಗಿರುವ ಸಂಭವ ಹೆಚ್ಚು. ಆದರೆ ಇಲ್ಲಿಯ ಶತ್ರು ಧೂಳು. ಗಾಳಿಯನ್ನು ಸೋಸುವ ಫಿಲ್ಟರನ್ನು ಕಿತ್ತುಹಾಕಿ ಓಡಿಸಿದ ಇಂಜಿನ್ನಿನೊಳಗೆ ಆ ಧೂಳು ಹೋಗಿ ಸಾಣೆಯ ಪುಡಿಯಂತೆ ಸಿಲಿಂಡರನ್ನು ಸವೆಯಿಸುತ್ತದೆ. ಸದ್ದು ಹೆಚ್ಚಲೆಂದು ಸೈಲೆನ್ಸರಿನ ಒಳಗಿನ ಭಾಗವನ್ನು ತೆಗೆಸುವ ಹವ್ಯಾಸವೂ ತರುಣರಲ್ಲಿದೆ. ಇದರಿಂದ ವೇಗವು ಹೆಚ್ಚುವುದೆಂಬುದು ಭ್ರಮೆ. ಟೂ ಸ್ಟ್ರೋಕ್ ಇಂಜಿನ್ನಿನ ಬಲವು ಹೊಗೆಯ ಕೊಳವೆಯ ಅಳತೆಯನ್ನು ಅವಲಂಬಿಸಿರುವುದರಿಂದ ಅನೇಕ ವೇಳೆ ಬಲವು ಕುಗ್ಗುತ್ತದೆ. ಫಿಲ್ಟರಿಲ್ಲದ, ಸೈಲೆನ್ಸರು ಕೆಡಿಸಿದ ವಾಹನವನ್ನು ಕಂಡರೆ, ಅದರ ಹಿಂದಿನ ಒಡೆಯನು ಎಂಥವನೆಂಬುದು ತಿಳಿದಂತೆಯೇ.

ಚಳ್ಳಕೆರೆಯು ಶೇಂಗಾ ಎಣ್ಣೆಯ ಗಿರಣಿಗಳಿಂದ ತೈಲನಗರಿಯೆಂದು ಹೆಸರು ಪಡೆದ ಊರು. ಆದರೂ ಇಂಜಿನ್ನಿಗೆ ಬೇಕಾದದ್ದು ಬೇರೆಯ ಎಣ್ಣೆ. ಟೂ ಸ್ಟ್ರೋಕ್ ಇಂಜಿನ್ನಿಗೆಂದೇ ತಯಾರಿಸಿದುದನ್ನು ಅಳತೆಗೆ ತಪ್ಪದೆ ಬೆರೆಸಬೇಕು. ಇಪ್ಪತ್ತೈದಕ್ಕೆ ಒಂದು ಎಂದರೆ ಒಂದು ಲೀಟರು ಪೆಟ್ರೋಲಿಗೆ 40 ಮಿಲಿಲೀಟರು. ಆಯಾ ಮಾದರಿಗೆ ಎಷ್ಟೆಂಬುದನ್ನು ಹಳೆಯ ಮೆಕ್ಯಾನಿಕ್ಕರಿಂದ ಕೇಳಿ ತಿಳಿಯಬೇಕು. ಅಲ್ಲದೆ 2023ರಿಂದ ನಮ್ಮ ದೇಶದಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆತ ಪೆಟ್ರೋಲು ಬಳಕೆಗೆ ಬಂದಿದೆ. ಎಥನಾಲು ನೀರನ್ನು ಹೀರುವ ಗುಣವುಳ್ಳದ್ದು. ಹಳೆಯ ರಬ್ಬರಿನ ಕೊಳವೆಗಳನ್ನು ಮೆತ್ತಗೆ ಮಾಡುತ್ತದೆ. ತಿಂಗಳುಗಟ್ಟಲೆ ನಿಂತ ವಾಹನದ ಟ್ಯಾಂಕಿಗೆ ತುಕ್ಕು ತರುತ್ತದೆ. ಆದುದರಿಂದ ಪೆಟ್ರೋಲಿನ ಕೊಳವೆಗಳನ್ನು ಕೊಂಡ ಕೂಡಲೆ ಬದಲಾಯಿಸುವುದು ಒಳ್ಳೆಯದು.

ಇಂಜಿನ್ನಿಗಿಂತಲೂ ಮುಖ್ಯವಾದುದು ಕಾಗದಪತ್ರ. ಚಾಸಿಯ ಮೇಲಿನ ನಂಬರನ್ನೂ ಇಂಜಿನ್ನಿನ ನಂಬರನ್ನೂ ಆರ್.ಸಿ. ಪುಸ್ತಕದೊಡನೆ ಒಂದೊಂದು ಅಂಕಿಯಾಗಿ ಹೋಲಿಸಬೇಕು. ಅಂಕಿಗಳ ಸುತ್ತ ಅರದಿಂದ ಉಜ್ಜಿದ ಗುರುತಿದ್ದರೆ, ಎಷ್ಟು ಅಗ್ಗವಾದರೂ ಅಲ್ಲಿಂದ ಎದ್ದು ಬರುವುದೇ ಲೇಸು. 1988ರ ಮೋಟಾರು ವಾಹನ ಕಾಯಿದೆಯ ಮೇರೆಗೆ ನೋಂದಣಿಯು 15 ವರ್ಷಗಳ ವರೆಗೆ. ಅನಂತರ ಪರೀಕ್ಷೆಗೆ ಒಪ್ಪಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. 2025ರ ಆಗಸ್ಟಿನಲ್ಲಿ ಹೊರಟ ನಿಯಮದಂತೆ, 20 ವರ್ಷ ಮೀರಿದ ಮೋಟಾರು ಸೈಕಲ್ಲಿನ ನವೀಕರಣದ ಶುಲ್ಕವು 2,000 ರೂಪಾಯಿ. ಬಾಕಿಯಿರುವ ತೆರಿಗೆ, ದಂಡಗಳು ಬೇರೆ. ಇವುಗಳನ್ನೆಲ್ಲ ಯಾರು ತೆರಬೇಕೆಂಬುದನ್ನು ಬೆಲೆ ಗೊತ್ತುಮಾಡುವಾಗಲೇ ತೀರ್ಮಾನಿಸಿಕೊಳ್ಳತಕ್ಕದ್ದು.

ಮೊಳಕಾಲ್ಮೂರಿನವರು ಇನ್ನೊಂದು ವಿಷಯದಲ್ಲಿ ವಿಶೇಷವಾಗಿ ಎಚ್ಚರವಾಗಿರಬೇಕು. ಅವರಿಗೆ ಆಂಧ್ರದ ರಾಯದುರ್ಗವು ಮಗ್ಗುಲಿನ ಊರು. ಅಲ್ಲಿಯ ವಾಹನವು ಇಲ್ಲಿಗೆ ಸುಲಭವಾಗಿ ಬರುತ್ತದೆ. ಗಡಿಯನ್ನು ದಾಟುವುದು ಸುಲಭ, ಕಾಗದವನ್ನು ದಾಟಿಸುವುದು ಕಷ್ಟ. ಅಲ್ಲಿಯ ಕಚೇರಿಯ ನಿರಾಕ್ಷೇಪಣಾ ಪತ್ರವಿಲ್ಲದೆ ಇಲ್ಲಿ ಹೆಸರು ಬದಲಾಯಿಸಲಾಗದು. ಬೇರೆ ಪ್ರಾಂತದ ವಾಹನವನ್ನು ಹನ್ನೆರಡು ತಿಂಗಳಿಗೆ ಮೀರಿ ಇಲ್ಲಿ ಇಟ್ಟುಕೊಂಡರೆ ಇಲ್ಲಿಯ ನೋಂದಣಿಯನ್ನು ಪಡೆಯಬೇಕು. ಇಲ್ಲಿಯ ತೆರಿಗೆಯನ್ನೂ ಕಟ್ಟಬೇಕು. ಆ ಪತ್ರವು ಕೈಗೆ ಬರುವ ವರೆಗೆ ಪೂರ್ತಿ ಹಣವನ್ನು ಕೊಡಕೂಡದು.

ಮಾರುವವರಿಗೂ ಒಂದು ಮಾತು. ಸಹಿ ಮಾಡಿದ ಬರಿಯ ಫಾರಮುಗಳನ್ನು ಕೊಟ್ಟು, ಹಣವೆಣಿಸಿಕೊಂಡು, ತಮ್ಮ ಹೊಣೆ ತೀರಿತೆಂದು ತಿಳಿಯುವವರು ಬಹಳ. 29 ಮತ್ತು 30ನೆಯ ಫಾರಮುಗಳು ಕಚೇರಿಗೆ ತಲುಪಿ ಹೆಸರು ಬದಲಾಗುವ ವರೆಗೆ ಕಾಯಿದೆಯ ದೃಷ್ಟಿಯಲ್ಲಿ ಅವರೇ ಒಡೆಯರು. ಹೊಸಬನು ಅಪಘಾತ ಮಾಡಿದರೂ ಪರಿಹಾರದ ಹೊಣೆ ದಾಖಲೆಯಲ್ಲಿರುವ ಒಡೆಯನದೇ ಎಂದು 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪು ಕೊಟ್ಟಿದೆ. ಮಾರಿದವನ ಹೊಲಕ್ಕೆ ಮನೆಗೆ ಸಂಚಕಾರ ಬರಬಹುದಾದ ಮಾತಿದು. ಆದಕಾರಣ ಕೊಡುವವನೂ ಕೊಳ್ಳುವವನೂ ಒಟ್ಟಿಗೆ ಚಿತ್ರದುರ್ಗದ ಕಚೇರಿಗೆ ಹೋಗಿ ಕೆಲಸವನ್ನು ಮುಗಿಸಿಕೊಂಡು ಬರುವುದು ಇಬ್ಬರಿಗೂ ಕ್ಷೇಮ.

ಇನ್ನು ಹಣದ ಮಾತು. ಈ ಸೀಮೆಯಲ್ಲಿ ಮಳೆಯು ಕಡಿಮೆ. ಶೇಂಗಾ ಬೆಳೆಯು ಮಳೆಯನ್ನೇ ನೆಚ್ಚಿದ್ದು. ಒಂದು ವರ್ಷದ ಫಸಲು ಬಂದಿತೆಂದು ಮುಂದಿನ ವರ್ಷವೂ ಬರುವುದೆಂಬ ಭರವಸೆಯಿಲ್ಲ. ಹಳೆಯ ವೇಗದ ವಾಹನವು ಸಂತೋಷದ ವಸ್ತುವೇ ಹೊರತು ಸಂಪಾದನೆಯ ವಸ್ತುವಲ್ಲ. ಅದಕ್ಕಾಗಿ ಸಾಲ ಮಾಡುವುದು ಯಾವ ರೀತಿಯಲ್ಲಿಯೂ ಸಲ್ಲದು. ನಮ್ಮ ಸಲಹೆಯೇನೆಂದರೆ, ಇದಕ್ಕೆಂದು ಎತ್ತಿಟ್ಟ ಹಣವನ್ನು ಎರಡು ಪಾಲು ಮಾಡಿ, ಒಂದನ್ನು ಮಾತ್ರ ಬೆಲೆಗೆ ಕೊಡಬೇಕು. ಇನ್ನೊಂದು ಪಾಲು ಸೀಲು, ಬೇರಿಂಗು, ಟೈರು, ಬ್ರೇಕು, ವಿಮೆ, ಹೆಲ್ಮೆಟ್ಟುಗಳಿಗೆ ಬೇಕೇ ಬೇಕಾಗುತ್ತದೆ. ಇದ್ದ ಹಣವನ್ನೆಲ್ಲ ಬೆಲೆಗೇ ಸುರಿದವನ ವಾಹನವು ಹಟ್ಟಿಯ ಮೂಲೆಯಲ್ಲಿ ಕೋಳಿ ಕೂರುವ ಅಟ್ಟಣೆಯಾಗುತ್ತದೆ.

ಬ್ರೇಕಿನ ವಿಷಯವನ್ನು ತಾಯಿತಂದೆಗಳು ಮುಖ್ಯವಾಗಿ ಗಮನಿಸಬೇಕೆಂದು ಬೇಡುತ್ತೇವೆ. ಆ ಕಾಲದ ವಾಹನಗಳಲ್ಲಿ ಓಡುವ ಬಲಕ್ಕೆ ತಕ್ಕಷ್ಟು ನಿಲ್ಲುವ ಬಲವಿರಲಿಲ್ಲ. 1983ರಲ್ಲಿ ಬಂದ ರಾಜ್‌ದೂತ್ 350 ಎಂಬ ಎರಡು ಸಿಲಿಂಡರುಗಳ ವಾಹನವು ಯೆಜ್ಡಿಗಿಂತಲೂ ಬಹಳ ವೇಗವಾದುದು. ಆದರೆ ಜಪಾನಿನ ಮೂಲ ವಾಹನದ ಮುಂಗಾಲಿಗಿದ್ದ ಡಿಸ್ಕ್ ಬ್ರೇಕಿನ ಸ್ಥಳದಲ್ಲಿ ಇಲ್ಲಿಯದಕ್ಕೆ ಡ್ರಂ ಬ್ರೇಕನ್ನೇ ಹಾಕಿದ್ದರು. ಇಂದಿನ ವಾಹನಗಳಿಗೆ ಒಗ್ಗಿದ ಕೈ ಇಂಥ ಬ್ರೇಕನ್ನು ನಂಬಿ ಮೋಸಹೋಗುತ್ತದೆ. ಮಗನು ಹಳೆಯ ವಾಹನವನ್ನು ಬೇಡಿದಾಗ, ಬೇಡವೆಂದು ಗದರಿಸಿದರೆ ಅವನು ಗುಟ್ಟಾಗಿ ಕೊಂಡಾನು. ಅದಕ್ಕಿಂತ, "ಆಗಲಪ್ಪ, ನಾನೂ ಬರುತ್ತೇನೆ, ಮೊದಲು ಬ್ರೇಕು ನೋಡೋಣ, ಆಮೇಲೆ ಬಣ್ಣ" ಎಂದು ಜೊತೆಯಲ್ಲಿ ಹೊರಡುವ ತಂದೆಯು ಬುದ್ಧಿವಂತನು.

ಇಷ್ಟೆಲ್ಲ ಹೇಳಿದುದರಿಂದ ಹಳೆಯ ವಾಹನವನ್ನು ಕೊಳ್ಳಲೇಬಾರದೆಂಬುದು ನಮ್ಮ ಅಭಿಪ್ರಾಯವೆಂದು ಯಾರೂ ತಿಳಿಯಬಾರದು. ಮೈಸೂರಿನಲ್ಲಿ ಹುಟ್ಟಿದ ಈ ಯಂತ್ರಗಳನ್ನು ಪ್ರೀತಿಯಿಂದ ಕಾಪಾಡುವವರು ನಾಡಿನಲ್ಲೆಲ್ಲ ಇದ್ದಾರೆ. ಜುಲೈ ತಿಂಗಳ ಎರಡನೆಯ ಭಾನುವಾರ ಅವರು ಊರೂರುಗಳಲ್ಲಿ ಕೂಡಿ ತಮ್ಮ ವಾಹನಗಳನ್ನು ಹೊರಡಿಸುತ್ತಾರೆ. ಅಂಥವರಲ್ಲೊಬ್ಬರನ್ನು ಪರಿಚಯ ಮಾಡಿಕೊಂಡು, ಅವರ ಮೆಕ್ಯಾನಿಕ್ಕನನ್ನು ಜೊತೆಗೆ ಕರೆದೊಯ್ದು, ಮೂರು ನಾಲ್ಕು ವಾಹನಗಳನ್ನಾದರೂ ನೋಡಿ, ಆಮೇಲೆ ಒಂದನ್ನು ಆರಿಸಬೇಕು. ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳ "ಮಾಡಿದಷ್ಟು ನೀಡು ಭಿಕ್ಷೆ" ಎಂಬ ಮಾತು ಈ ಸೀಮೆಯಲ್ಲಿ ಮನೆಮಾತಾಗಿದೆ. ಯಂತ್ರವೂ ಅಷ್ಟೆ, ಮಾಡಿದಷ್ಟನ್ನೇ ನೀಡುತ್ತದೆ. ಅದಕ್ಕೆ ಮಾಡಲು ಮನಸ್ಸೂ ಬಿಡುವೂ ಹಣವೂ ಇದ್ದವರು ಸಂತೋಷವಾಗಿ ಕೊಳ್ಳಲಿ; ಇಲ್ಲದವರು ನೋಡಿ, ಮೆಚ್ಚಿ, ಕೈಮುಗಿದು ಮನೆಗೆ ಬರಲಿ. ಎರಡರಲ್ಲಿಯೂ ಅವಮಾನವಿಲ್ಲ.