ಚಿತ್ರ ಬಿಡಿಸಿದರೆ ಕೆಲಸ ನಡೆಯುವುದು ಹೇಗೆ?

ಪ್ರಶ್ನೆ: ನಮ್ಮ ಕಚೇರಿಯಲ್ಲಿ ಪರದೆಯ ಮೇಲೆ ಚೌಕ, ಬಾಣ ಜೋಡಿಸಿಯೇ ರಜೆ ಅರ್ಜಿಯ ವ್ಯವಸ್ಥೆ ಮಾಡಿದ್ದಾರೆ. ಕೋಡ್ ಬರೆಯದೆ ಅದು ಹೇಗೆ ನಡೆಯುತ್ತದೆ?

ಉತ್ತರ: ಕೋಡ್ ಇದೆ, ಕಣ್ಣಿಗೆ ಬೀಳುವುದಿಲ್ಲ ಅಷ್ಟೆ. ನೀವು ಬಿಡಿಸಿದ್ದನ್ನೆಲ್ಲ ಎಡಿಟರ್ ಪಠ್ಯವಾಗಿ ಬರೆದಿಡುತ್ತದೆ. ಕೆಲಸದ ಹರಿವನ್ನು ಚಿತ್ರಿಸಲೆಂದು 2011ರಲ್ಲಿ ಬಂದ ಬಿಪಿಎಂಎನ್ 2.0 ಮಾನದಂಡದಲ್ಲಿ ಅದೊಂದು ಎಕ್ಸ್‌ಎಂಎಲ್ ಕಡತ. ಚಿತ್ರದಲ್ಲಿ ತೆಳು ಗೆರೆಯ ವೃತ್ತವೆಂದರೆ ಆರಂಭ, ಆಯತವೆಂದರೆ ಒಂದು ಕೆಲಸ, ವಜ್ರಾಕೃತಿಯೆಂದರೆ ಕವಲು. ‘ರಜೆ ಮೂರು ದಿನ ಮೀರಿತೇ?’ ಎಂಬಂಥ ಷರತ್ತು ಕೂರುವುದು ಆ ಕವಲಿನಲ್ಲಿ. ಎಂಜಿನ್ ಎಂಬ ತಂತ್ರಾಂಶ ಆ ಕಡತವನ್ನು ಓದಿ, ಪ್ರತಿ ಅರ್ಜಿಯೂ ಈಗ ಎಲ್ಲಿದೆಯೆಂದು ಡೇಟಾಬೇಸಿನಲ್ಲಿ ಗುರುತಿಡುತ್ತದೆ. ಹಾಗಾಗಿ ಮ್ಯಾನೇಜರ್ ವಾರ ಬಿಟ್ಟು ಒಪ್ಪಿಗೆ ಕೊಟ್ಟರೂ, ನಡುವೆ ಸರ್ವರ್ ನಿಂತರೂ ಕೆಲಸ ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ. ನನಗೆ ಬಹಳ ಮೆಚ್ಚುಗೆಯಾದ ಗುಣ ಇದು. ತಿರಸ್ಕೃತವಾದ ಅರ್ಜಿ ಎಲ್ಲಿಗೆ ಹೋಗಬೇಕೆಂಬ ಬಾಣ ಬಿಟ್ಟುಹೋಗಿಲ್ಲವಷ್ಟೇ ಎಂದು ಮಾತ್ರ ನಿಮ್ಮವರನ್ನೊಮ್ಮೆ ಕೇಳಿ.