ಹಸಿರು ರಕ್ತದ ವ್ಯಾಪಾರ

ಚಿತ್ರ ಆರಂಭವಾಗುವ ಮುನ್ನ ಪ್ರೇಕ್ಷಕರ ಕೈಗೆ ಹಸಿರು ದ್ರವದ ಪುಟ್ಟ ಪೊಟ್ಟಣವೊಂದು ಬರುತ್ತಿತ್ತು. ತೆರೆಯಿಂದ ಕೇಳಿಬರುವ ಪ್ರತಿಜ್ಞೆಯನ್ನು ನುಡಿದು ಆ ‘ಹಸಿರು ರಕ್ತ’ವನ್ನು ಕುಡಿದವರು ಕಥೆಯೊಳಗಿನ ಘೋರಜೀವಿಗಳನ್ನು ಸೋಂಕಿನ ಭಯವಿಲ್ಲದೆ ನೋಡಬಹುದೆಂಬ ಅಭಯ ಬೇರೆ! ‘ಮ್ಯಾಡ್ ಡಾಕ್ಟರ್ ಆಫ್ ಬ್ಲಡ್ ಐಲೆಂಡ್’ ಎಂಬ ಚಿತ್ರವನ್ನು ಅಮೆರಿಕದಲ್ಲಿ ಮಾರಿದ ಬಗೆಯಿದು. ಚಿತ್ರ ತಯಾರಾದದ್ದು ಮಾತ್ರ ಸಾಗರದಾಚೆಯ ಫಿಲಿಪ್ಪೀನ್ಸ್ ದೇಶದಲ್ಲಿ.

ನೆತ್ತರು, ಅರೆನಗ್ನ ಸುಂದರಿಯರು, ಭೀಕರ ಮೃಗಗಳು—ಈ ಮೂರೇ ಸರಕುಗಳನ್ನು ನೆಚ್ಚಿ ಅಲ್ಲಿ ತಯಾರಾದ ಅಲ್ಪ ಬಂಡವಾಳದ ಚಿತ್ರಗಳ ಚರಿತ್ರೆಯನ್ನು ಆಸ್ಟ್ರೇಲಿಯದ ಮಾರ್ಕ್ ಹಾರ್ಟ್ಲಿ ೨೦೧೦ರಲ್ಲಿ ‘ಮೆಶೆಟಿ ಮೇಡನ್ಸ್ ಅನ್‌ಲೀಷ್ಡ್’ ಎಂಬ ಸಾಕ್ಷ್ಯಚಿತ್ರವಾಗಿ ಹೆಣೆದಿದ್ದಾರೆ. ಮಚ್ಚು ಹಿಡಿದ ಕನ್ಯೆಯರ ರೌದ್ರಾವತಾರವೆಂದು ಹೆಸರನ್ನು ಅರ್ಥೈಸಬಹುದು. ಚಿತ್ರದ ಓಟವೂ ಹೆಸರಿಗೆ ತಕ್ಕಂತಿದೆ, ಉಸಿರಾಡಲು ಎಡೆಯಿಲ್ಲ.

ಹಾಲಿವುಡ್ಡಿನ ಜಿಪುಣಾಗ್ರೇಸರ ರಾಜರ್ ಕಾರ್ಮನ್ ೧೯೭೦ರಲ್ಲಿ ‘ನ್ಯೂ ವರ್ಲ್ಡ್ ಪಿಕ್ಚರ್ಸ್’ ಸಂಸ್ಥೆಯನ್ನು ಕಟ್ಟಿದರು. ಮರುವರ್ಷವೇ ಜಾಕ್ ಹಿಲ್ ನಿರ್ದೇಶಿಸಿದ ‘ದಿ ಬಿಗ್ ಡಾಲ್ ಹೌಸ್’ ಹೊರಬಂದಿತು. ಮಹಿಳೆಯರ ಸೆರೆಮನೆ, ಕ್ರೂರ ಕಾವಲು, ಕೊನೆಗೆ ಬಂದೂಕು ಹಿಡಿದ ಬಂಡಾಯ! ಪಾಮ್ ಗ್ರಿಯರ್ ಬೆಳಕಿಗೆ ಬಂದದ್ದು ಇಲ್ಲಿಂದಲೇ. ಕಾಡು, ಇಂಗ್ಲಿಷ್ ಬಲ್ಲ ನುರಿತ ತಂತ್ರಜ್ಞರು, ಕಡಿಮೆ ಕೂಲಿ—ಇವೆಲ್ಲ ಒಂದೆಡೆ ದೊರೆತರೆ ನಿರ್ಮಾಪಕರಿಗೆ ಇನ್ನೇನು ಬೇಕು?

ಆದರೆ ೧೯೭೨ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಮಾರ್ಕೋಸ್ ಸೇನಾಶಾಸನವನ್ನು ಘೋಷಿಸಿದರು. ಬೆನಿಗ್ನೊ ಅಕ್ವಿನೊ ಮೊದಲಾದ ವಿರೋಧಿಗಳು ನಿಜವಾದ ಸೆರೆಮನೆಗೆ ಹೋದರು. ಇತ್ತ ಸರ್ವಾಧಿಕಾರಿಗಳನ್ನು ಉರುಳಿಸುವ ಸುಂದರಿಯರ ಚಿತ್ರೀಕರಣ ಯಾವ ಅಡ್ಡಿಯೂ ಇಲ್ಲದೆ ಮುಂದುವರಿಯಿತು! ಡಾಲರು ತರುವ ಕ್ರಾಂತಿಗೆ ಸರ್ಕಾರದ ಆಕ್ಷೇಪವಿರಲಿಲ್ಲವೆಂದು ಕಾಣುತ್ತದೆ. ೧೯೭೬ರಲ್ಲಿ ಕೊಪೊಲ ‘ಅಪೊಕಲಿಪ್ಸ್ ನೌ’ ಚಿತ್ರಕ್ಕಾಗಿ ಅಲ್ಲಿಗೆ ಹೋದಾಗ ಮಾರ್ಕೋಸರ ಹೆಲಿಕಾಪ್ಟರುಗಳೇ ಬಾಡಿಗೆಗೆ ಬಂದವು. ನಿಜವಾದ ಬಂಡಾಯಗಾರರೊಡನೆ ಕಾದಾಡಲು ಅವು ಚಿತ್ರೀಕರಣದ ನಡುವೆಯೇ ಹಾರಿಹೋದದ್ದೂ ಉಂಟು.

ಹಾರ್ಟ್ಲಿಯವರ ಚಿತ್ರ ಈ ವಿಪರ್ಯಾಸವನ್ನು ಮುಟ್ಟುತ್ತದೆ, ಆದರೆ ಅಲ್ಲಿ ನಿಲ್ಲುವುದಿಲ್ಲ. ಮರುಕ್ಷಣವೇ ಮತ್ತೊಂದು ನಗೆ. ನೆನಪುಗಳನ್ನು ಬಿಚ್ಚುವವರು ಬಹುಪಾಲು ಅಮೆರಿಕದಿಂದ ಬಂದುಹೋದ ನಟನಟಿಯರು, ನಿರ್ದೇಶಕರು. ಸುರಕ್ಷತೆಯ ಏರ್ಪಾಡಿಲ್ಲದೆ ಎತ್ತರದಿಂದ ಧುಮುಕಿದ, ಬೆಂಕಿಯ ನಡುವೆ ಓಡಿದ ಸ್ಥಳೀಯ ಸ್ಟಂಟ್ ನಟರು ಆ ಕಥೆಗಳಲ್ಲಿ ಹಾಸ್ಯದ ಪ್ರಸಂಗಗಳಾಗಿ ಬಂದುಹೋಗುತ್ತಾರೆ. ಅವರಿಗೆ ಹೆಸರಿಲ್ಲ. ಅಗ್ಗವೆಂದು ಕೊಂಡಾಡಿದ ಆ ಚಿತ್ರಗಳ ಬಾಕಿ ಲೆಕ್ಕ ಬಿದ್ದದ್ದು ಅವರ ಮೈಮೇಲೆ ಅಲ್ಲವೇ?

ಅಲ್ಲಿಯವರ ಪರವಾಗಿ ಮಾತನಾಡಲು ಹಿರಿಯರಾದ ಎಡ್ಡಿ ರೊಮೆರೊ ಇದ್ದಾರೆಂಬುದೊಂದು ಸಮಾಧಾನ. ಹಸಿರು ರಕ್ತದ ಚಿತ್ರವನ್ನು ಜೆರಿ ಡಿ ಲಿಯೋನ್ ಅವರೊಡಗೂಡಿ ನಿರ್ದೇಶಿಸಿದವರು ಇವರೇ. ೧೯೭೩ರಲ್ಲಿ, ಸಂಕೋಲೆಯಲ್ಲಿ ಜೋಡಿಸಲ್ಪಟ್ಟ ಇಬ್ಬರು ಸ್ತ್ರೀಕೈದಿಗಳ ‘ಬ್ಲ್ಯಾಕ್ ಮಾಮಾ, ವೈಟ್ ಮಾಮಾ’ ಚಿತ್ರವನ್ನೂ ಕೊಟ್ಟರು. ಮೂರು ವರ್ಷದ ಬಳಿಕ ತಮ್ಮ ಜನಕ್ಕಾಗಿ, ತಮ್ಮ ಭಾಷೆಯಲ್ಲಿ, ಸ್ಪೇನಿನ ಆಳ್ವಿಕೆಯ ಕೊನೆಗಾಲದಲ್ಲಿ ತಾನು ಯಾರೆಂದು ಹುಡುಕುತ್ತ ಹೊರಟ ಹಳ್ಳಿಯ ತರುಣನೊಬ್ಬನ ಕಥೆಯನ್ನು ತೆರೆಗೆ ತಂದರು. ೨೦೦೩ರಲ್ಲಿ ಫಿಲಿಪ್ಪೀನ್ಸ್ ಅವರಿಗೆ ‘ರಾಷ್ಟ್ರೀಯ ಕಲಾವಿದ’ ಗೌರವವನ್ನಿತ್ತಿತು.